ಮಿತ್ತಾ, ತಿರ್ತಾ?

ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿದರೆ ನನಗೆ ಈಗಲೂ ಒಂದು ಕೆಟ್ಟ ಅಭ್ಯಾಸ ಉಂಟು. ಎದುರಿನಿಂದ ಬರುವ ವಾಹನಗಳ ನಂಬರ್ ನೋಡುವುದು. ಕೆಎ 19, ಕೆಎ 20, ನಡುವೆ ಕೇರಳದ ಒಂದು ಮೀನಿನ ಲಾರಿ. ಕೊನೆಯ ಎರಡು ಅಂಕಿ ಮಾತ್ರ ನೋಡುತ್ತೇನೆ. 43 ಬಂತು ಅಂತ ಇಟ್ಟುಕೊಳ್ಳಿ. ಮುಂದಿನದು ಇದಕ್ಕಿಂತ ಮೇಲೆ ಅನ್ನುತ್ತದೆ ಮನಸ್ಸು. 71. ಸರಿ. ಇನ್ನು ಬರುವುದು ಕೆಳಗೆ. 88. ಛೆ. ಇಷ್ಟೇ ಆಗಿದ್ದರೆ ಹೇಳುವಂಥದ್ದು ಏನೂ ಇರಲಿಲ್ಲ, ಹೊತ್ತು ಕಳೆಯಲಿಕ್ಕೆ ಜನ ಏನೇನೋ ಮಾಡುತ್ತಾರೆ. ಆದರೆ ಪ್ರತಿ ಸಲ ನನ್ನ ಬಲಗೈಯ ಹೆಬ್ಬೆರಳು ಪ್ಯಾಂಟಿನ ಮೇಲೆ ಮೆಲ್ಲ ಒಂದು ಸಲ ಒತ್ತುತ್ತದೆ. ಮೇಲೆ ಅಂದರೆ ತೊಡೆಯ ಎಡಬದಿ, ಕೆಳಗೆ ಅಂದರೆ ಬಲಬದಿ. ಫೋನಿನ ಪರದೆಯಲ್ಲಿ ಆ ಎರಡು ಬಟನ್ ಇದ್ದದ್ದು ಹಾಗೇ.

ಫೋನಿನಲ್ಲಿ ದುಡ್ಡು ಇಟ್ಟು ಆಡುವ ಆ ಆಟ ಬಿಟ್ಟು ವರ್ಷ ಕಳೆಯಿತು. ಹೆಬ್ಬೆರಳು ಇನ್ನೂ ಬಿಟ್ಟಿಲ್ಲ.

ದುಡ್ಡು ಎಷ್ಟು ಹೋಯಿತು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರಿಗೆ ಕೊನೆಯವರೆಗೂ ಅದೇ ತಲೆಯಲ್ಲಿರುತ್ತದೆ. 61,300 ರೂಪಾಯಿ. ಮನೆ ಎದುರಿನ ಅಂಗಳಕ್ಕೆ ಶೀಟು ಹಾಕಿಸಲಿಕ್ಕೆ ಅಂತ ಇಟ್ಟ ದುಡ್ಡು ಅದು. ಲಕ್ಷಗಟ್ಟಲೆ ಕಳೆದುಕೊಂಡವರ ಎದುರು ಇದು ಏನೂ ಅಲ್ಲ, ನನಗೆ ಗೊತ್ತು. ಆದರೆ ನನ್ನನ್ನು ಕಾಡುವುದು ಮೊತ್ತ ಅಲ್ಲ. ಆ ಆಟ ನನಗೆ ಮೊದಲೇ ಗೊತ್ತಿತ್ತು ಅಂತ ಅನಿಸಿತಲ್ಲ, ಅದು. ಸಣ್ಣವನಿರುವಾಗ ಆಡಿದ್ದು, ಅಜ್ಜ ಕಲಿಸಿದ್ದು. ಗುರುತಿನವರ ಮನೆಗೆ ಹೋದ ಹಾಗೆ ಚಪ್ಪಲಿ ಬಿಟ್ಟು ನೇರ ಒಳಗೆ ಹೋದೆ ನಾನು.

ರಿಟರ್ನ್ ಸೀಸನ್

ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆ ಉಡುಪಿ ಬದಿಯ ಕಟಪಾಡಿ. ದಿನಾ ಎಕ್ಸ್‌ಪ್ರೆಸ್ ಬಸ್ಸು. 2024ರ ಜುಲೈ ಅದು, 31ನೇ ತಾರೀಕಿನ ಒಳಗೆ ಎಲ್ಲರ ಆದಾಯ ತೆರಿಗೆ ರಿಟರ್ನ್ ಹೋಗಬೇಕು, ಹೊರಗೆ ಆಟಿಯ, ಅಂದರೆ ತುಳುವರ ಮಳೆಗಾಲದ ತಿಂಗಳಿನ, ಮಳೆ. ಸಂಜೆ ಏಳೂವರೆಗೆ ಬಸ್ಸು ಹತ್ತಿದರೆ ಮನೆ ಮುಟ್ಟುವಾಗ ಒಂಬತ್ತು. ದಿನವಿಡೀ ಬೇರೆಯವರ ಅಂಕಿ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ಹಾಗಿರುವಾಗ ಮತ್ತೆ ಅಂಕಿಯನ್ನೇ ನೋಡುವ ಆಟಕ್ಕೆ ಯಾಕೆ ಹೋದೆ ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಹಳೆಯ ಗೆಳೆಯನೊಬ್ಬ ಲಿಂಕ್ ಕಳಿಸಿದ್ದ. 'ಸುಮ್ನೆ ನೋಡು ಮಾರಾಯ, ತಲೆ ಖರ್ಚು ಮಾಡಬೇಕಂತ ಇಲ್ಲ' ಅಂತ ಬರೆದಿದ್ದ.

ಆಟ ನಿಜಕ್ಕೂ ಸುಲಭ. ಪರದೆಯ ಮೇಲೆ ಒಂದು ಇಸ್ಪೀಟು ಎಲೆ. ಅಂಕಿ ಮಾತ್ರ ಲೆಕ್ಕಕ್ಕೆ. ಎಕ್ಕ 1, ಗುಲಾಮ 11, ರಾಣಿ 12, ರಾಜ 13. ಮುಂದೆ ಬರುವ ಎಲೆ ಇದಕ್ಕಿಂತ ಮೇಲೋ ಕೆಳಗೋ, ಅಷ್ಟು ಹೇಳಿದರೆ ಆಯಿತು. ಅದೇ ಅಂಕಿ ಬಂದರೂ ಗೆಲುವೇ. ಎದುರಿಗೆ 7 ಇದ್ದರೆ ಯಾವ ಕಡೆ ಹೇಳಿದರೂ 13ರಲ್ಲಿ 7 ದಾರಿ ನಿಮ್ಮದು. 100 ಇಟ್ಟು ಗೆದ್ದರೆ 184 ಬರುತ್ತದೆ. ಎದುರಿಗೆ 2 ಇದ್ದು ನೀವು ಮೇಲೆ ಅಂದರೆ 13ರಲ್ಲಿ 12 ದಾರಿ, ಅದಕ್ಕೆ ಸಿಗುವುದು 107. ಗೆದ್ದದ್ದನ್ನು ಅಲ್ಲಿಗೇ ತೆಗೆದುಕೊಳ್ಳಬಹುದು, ಇಲ್ಲವಾದರೆ ಇಡೀ ಮೊತ್ತವನ್ನು ಮುಂದಿನ ಎಲೆಗೆ ದಾಟಿಸಬಹುದು. ಎಲೆ ಇಷ್ಟ ಆಗದಿದ್ದರೆ ಸ್ಕಿಪ್ ಒತ್ತಬಹುದು, ಅದಕ್ಕೆ ಖರ್ಚಿಲ್ಲ.

ಈ ಸ್ಕಿಪ್ ಬಟನ್ ನೋಡಿದ ದಿನ ನಾನು ಭಾರೀ ಬುದ್ಧಿವಂತ ಆದೆ. 2 ಅಥವಾ ರಾಣಿ, ಈ ಎರಡರಲ್ಲಿ ಒಂದು ಬರುವವರೆಗೆ ಸ್ಕಿಪ್ ಒತ್ತುತ್ತಾ ಕೂರುವುದು, ಬಂದ ಮೇಲೆ ಮಾತ್ರ ದುಡ್ಡು ಇಡುವುದು. 13ರಲ್ಲಿ 12! ಇದರಲ್ಲಿ ಸೋಲುವುದು ಹೇಗೆ? ಹೀಗೆ ಹತ್ತು ಸಲ ಸಾಲಾಗಿ ಗೆದ್ದರೆ ದುಡ್ಡು ಸುಮಾರು ಎರಡು ಪಟ್ಟು. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಪೇಪರ್ ಇಟ್ಟು ಲೆಕ್ಕ ಹಾಕಿದೆ. 12ನ್ನು 13ರಿಂದ ಭಾಗಿಸಿ, ಬಂದದ್ದನ್ನು ಹತ್ತು ಸಲ ಗುಣಿಸಿದರೆ 0.449. ಅಂದರೆ ಹತ್ತೂ ಸಲ ಗೆಲ್ಲುವುದು 100ರಲ್ಲಿ 45 ಸಲ ಮಾತ್ರ. ನಾಣ್ಯ ಒಂದೇ ಸಲ ಚಿಮ್ಮಿ ಎರಡು ಪಟ್ಟು ಕೇಳಿದ್ದರೆ 50 ಇರುತ್ತಿತ್ತು! ಸೋಲುವುದೇ ಇಲ್ಲ ಅನ್ನುವ ಹತ್ತು ಆಟ ಸೇರಿ ಒಂದು ನಾಣ್ಯಕ್ಕೂ ಸಮ ಆಗಲಿಲ್ಲ. ಲೆಕ್ಕವೇ ಹೊಟ್ಟೆಪಾಡಾದವನು ನಾನು. ಈ ಗುಣಾಕಾರ ಮಾಡಲಿಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು.

ಶಿರ್ವದ ಚಾವಡಿ

ಅಜ್ಜನ ಮನೆ ಶಿರ್ವದ ಹತ್ತಿರ. ಅಜ್ಜ ಬೀಡಿ ಬ್ರಾಂಚಿನಲ್ಲಿ ರೈಟರ್ ಆಗಿದ್ದರು, ಅಜ್ಜಿ ಬೀಡಿ ಕಟ್ಟುತ್ತಿದ್ದರು. ಆಟಿ ತಿಂಗಳಲ್ಲಿ ನಮ್ಮನ್ನು ಎರಡು ದಿನಕ್ಕೆ ಅಲ್ಲಿ ಬಿಟ್ಟರೆ ಮಳೆ, ಕರೆಂಟಿಲ್ಲದ ರಾತ್ರಿ, ಹಲಸಿನ ಹಪ್ಪಳ. ಹೆಂಗಸರು ಚಾವಡಿಯ ಒಂದು ಬದಿಯಲ್ಲಿ ಚೆನ್ನೆಮಣೆ (ಅಳಗುಳಿ ಮಣೆ) ಇಟ್ಟುಕೊಂಡು ಮಂಜೊಟ್ಟಿ ಕಾಳು ಹಾಕುತ್ತಾ ಕೂರುತ್ತಿದ್ದರು. ಅದರ ಟಕಟಕ ಸದ್ದು, ಹೊರಗೆ ಹಂಚಿನಿಂದ ಇಳಿಯುವ ನೀರು. ಚಿಮಣಿ ದೀಪದ ಈ ಬದಿಯಲ್ಲಿ ಅಜ್ಜ ಮತ್ತು ನಾವು ಮಕ್ಕಳು.

'ಒಂದರಿಂದ ನೂರರ ಒಳಗೆ ಒಂದು ಸಂಖ್ಯೆ ಇಟ್ಟುಕೋ. ನನಗೆ ಹೇಳಬೇಡ.'

ಇಟ್ಟುಕೊಂಡೆವು. ಅಜ್ಜ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಾ ಕೇಳುತ್ತಿದ್ದರು. 'ಐವತ್ತು. ಮಿತ್ತಾ, ತಿರ್ತಾ?'

ತುಳು ಬಾರದವರಿಗೆ: ಮಿತ್ತ್ ಅಂದರೆ ಮೇಲೆ, ತಿರ್ತ್ ಅಂದರೆ ಕೆಳಗೆ. ಪಣ ಸಾಂತಾಣಿ, ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜ. ಏಳು ಪ್ರಶ್ನೆಯ ಒಳಗೆ ಅಜ್ಜ ಕಂಡುಹಿಡಿದರೆ ನಾವು ಒಂದು ಕೊಡಬೇಕು. ಆಗದಿದ್ದರೆ ಅವರು ಹತ್ತು ಕೊಡಬೇಕು. ಎಂಥ ಲಾಭದ ವ್ಯಾಪಾರ ಅಂತ ನಾವು ಓಡಿ ಹೋಗಿ ಕೂರುತ್ತಿದ್ದೆವು. ಅಜ್ಜ ಒಂದು ಸಲವೂ ಹತ್ತು ಕೊಟ್ಟದ್ದು ನನಗೆ ನೆನಪಿಲ್ಲ. ಅವರ ಎದುರು ಸಾಂತಾಣಿಯ ಗುಡ್ಡೆ ಬೆಳೆಯುತ್ತಿತ್ತು. ಮಲಗುವ ಮೊದಲು ಅಷ್ಟನ್ನೂ ವಾಪಸ್ ಹಂಚುತ್ತಿದ್ದರು, ಅದು ಬೇರೆ ವಿಷಯ.

ನಮ್ಮ ಸರದಿ ಬಂದಾಗ ನಾವು ಬಾಯಿಗೆ ಬಂದದ್ದು ಕೇಳುವುದು. 37! 90! ನನ್ನ ರೋಲ್ ನಂಬರು! ಹದಿನೈದು ಪ್ರಶ್ನೆ ಆದರೂ ಸಿಗುತ್ತಿರಲಿಲ್ಲ. ಒಂದು ರಾತ್ರಿ ನಾನು ಅಳುವ ಮುಖ ಮಾಡಿದಾಗ ಅಜ್ಜ ಅಡಿಕೆಕತ್ತರಿ ತೋರಿಸಿ ಹೇಳಿದರು, 'ಬದಿಯಿಂದ ಕೆರೆದರೆ ಅಡಿಕೆ ಮುಗಿಯುದು ಯಾವಾಗ? ನಡುವಿಗೇ ಹಾಕು.' 50 ಕೇಳು, ಅರ್ಧ ಹೋಯಿತು. ಮೇಲೆ ಅಂದರೆ 75 ಕೇಳು, ಮತ್ತೆ ಅರ್ಧ. ನೂರು ಇದ್ದದ್ದು ಐವತ್ತು, ಇಪ್ಪತ್ತೈದು, ಹನ್ನೆರಡು, ಆರು, ಮೂರು, ಒಂದು. ಏಳನೇ ಪ್ರಶ್ನೆಗೆ ಬಚ್ಚಿಟ್ಟುಕೊಳ್ಳಲಿಕ್ಕೆ ಜಾಗ ಉಳಿಯುವುದಿಲ್ಲ. 'ಸಾವಿರ ಇಟ್ಟರೂ ಹತ್ತು ಪ್ರಶ್ನೆ ಸಾಕು' ಅಂದರು. ನಾನು ನಂಬಲಿಲ್ಲ. ಮಾಡಿ ತೋರಿಸಿದರು.

ಅಜ್ಜನಿಗೆ ಇದನ್ನು ಯಾರೂ ಕಲಿಸಿದ್ದಲ್ಲ. ಬ್ರಾಂಚಿನ ಪುಸ್ತಕದಲ್ಲಿ ಕೂಡಿಸಿದ್ದು ತಾಳೆ ಆಗದಿದ್ದರೆ ಅವರು ಮೊದಲ ಪುಟದಿಂದ ನೋಡುತ್ತಿರಲಿಲ್ಲ. ನಡುಪುಟದವರೆಗಿನ ಮೊತ್ತ ಸರಿ ಉಂಟಾ ನೋಡುವುದು. ಸರಿ ಇದ್ದರೆ ತಪ್ಪು ಆಚೆ ಅರ್ಧದಲ್ಲಿ. ಅಲ್ಲಿ ಮತ್ತೆ ನಡುವಿಗೆ. ನಾನು ಇವತ್ತಿಗೂ ಆಫೀಸಿನಲ್ಲಿ ವ್ಯತ್ಯಾಸ ಹುಡುಕುವುದು ಹೀಗೇ. ಕಂಪ್ಯೂಟರ್ ಕಲಿತವರು ಇದಕ್ಕೆ ಬೈನರಿ ಸರ್ಚ್ ಅನ್ನುತ್ತಾರೆ ಅಂತ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ.

ಆ ಆಟದಲ್ಲಿ ನನಗೆ ಅತಿ ಇಷ್ಟ ಆದದ್ದು ಒಂದು. ತಪ್ಪು ಹೇಳಿದರೆ ನಷ್ಟ ಇಲ್ಲ. 50 ಅಂದೆ, ಅಲ್ಲ ಅಂದರು, ಆದರೆ ಆ 'ಅಲ್ಲ' ಬರಿಗೈಯಲ್ಲಿ ಬರುವುದಿಲ್ಲ, ಅರ್ಧ ನೂರನ್ನು ಹೊತ್ತುಕೊಂಡೇ ಬರುತ್ತದೆ. ಆರು ಸಲ ತಪ್ಪಿದವನು ಉತ್ತರದ ಬಾಗಿಲಲ್ಲೇ ನಿಂತಿರುತ್ತಾನೆ. ತಪ್ಪಿದಷ್ಟೂ ಹತ್ತಿರ.

ಫೋನಿನ ಆಟಕ್ಕೆ ನಾನು ಹೊತ್ತುಕೊಂಡು ಹೋದದ್ದು ಇದೇ ನಂಬಿಕೆಯನ್ನು. ಅಲ್ಲಿಯೂ ಎರಡೇ ಮಾತು, ಮೇಲೆ, ಕೆಳಗೆ. ನಾಲ್ಕು ಸಲ ತಪ್ಪಿದರೆ ಒಳಗೆ ಯಾರೋ ಹೇಳುತ್ತಿದ್ದರು, ಇಷ್ಟು ಹತ್ತಿರ ಬಂದಿದ್ದೀ, ಈಗ ಬಿಡುವುದಾ? ಎಷ್ಟು ಹತ್ತಿರ? ಯಾವುದಕ್ಕೆ ಹತ್ತಿರ? ಅಲ್ಲಿ ಯಾರೂ ಯಾವ ಸಂಖ್ಯೆಯನ್ನೂ ಮನಸ್ಸಲ್ಲಿ ಇಟ್ಟುಕೊಂಡು ಕೂತಿರಲಿಲ್ಲ. ಪ್ರತಿ ಎಲೆಯೂ ಪೂರ್ತಿ 52ರ ಹೊಸ ಕಟ್ಟಿನಿಂದ ಬಂದ ಲೆಕ್ಕ. ಹಿಂದಿನ ಎಲೆಗೆ ಮುಂದಿನದ್ದು ಪರಿಚಯ ಇಲ್ಲ.

(1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಕ್ಯಾಸಿನೊದಲ್ಲಿ ರೂಲೆಟ್ ಅನ್ನುವ ಕೆಂಪು-ಕಪ್ಪು ಮನೆಗಳ ತಿರುಗುವ ಚಕ್ರದಲ್ಲಿ ಚೆಂಡು ಸಾಲಾಗಿ 26 ಸಲ ಕಪ್ಪಿನ ಮೇಲೆಯೇ ಬಿತ್ತಂತೆ. ಇನ್ನಾದರೂ ಕೆಂಪು ಬರಲೇಬೇಕು ಅಂತ ಜನ ಕೆಂಪಿನ ಮೇಲೆ ಸುರಿದು ಸುರಿದು ಮುಳುಗಿದರು. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನ ಆಯಿತು. ಕೋಟು ಹಾಕಿದವರೂ ಹೀಗೇ ಅಲ್ವಾ ಅಂತ.)

ಮೂಲ್ಕಿಯಿಂದ ಉದ್ಯಾವರ

ಒಂದು ರಾತ್ರಿಯ ಕಥೆ ಹೇಳಬೇಕು. ಜುಲೈ ಕೊನೆಯ ವಾರ, ಗುರುವಾರವೋ ಶುಕ್ರವಾರವೋ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗ ಆಟದ ಖಾತೆಯಲ್ಲಿ 4,000 ಇತ್ತು. ಕೂಳೂರು ಸೇತುವೆಯಲ್ಲಿ ಎಂದಿನಂತೆ ವಾಹನ ಸಾಲು ಕಟ್ಟಿತ್ತು. ಅಲ್ಲಿ ನಿಂತಷ್ಟು ಹೊತ್ತು ಗೆದ್ದೆ. ಸುರತ್ಕಲ್ ದಾಟುವಾಗ 9,000. ಹಳೆಯಂಗಡಿ, ಮೂಲ್ಕಿ. 11,200. ಎದೆ ಹೊಡೆದುಕೊಳ್ಳುವುದು ನನಗೇ ಕೇಳುತ್ತಿತ್ತು. ಪಕ್ಕದಲ್ಲಿ ಒಬ್ಬರು ವಯಸ್ಸಾದ ಹೆಂಗಸು, ಮಡಿಲಲ್ಲಿ ಮಲ್ಲಿಗೆ ಕಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಇಡೀ ಬಸ್ಸಿಗೆ ಆ ಮಲ್ಲಿಗೆಯ ಪರಿಮಳ, ಒದ್ದೆ ಕೊಡೆಗಳ ವಾಸನೆ. ಇವರಿಗೆ ಹೇಳಿಬಿಡಲೇ ಅನಿಸಿತು. ಅಮ್ಮಾ, 11,200 ಆಯ್ತು.

ತೆಗೆದುಕೊಂಡು ಮುಚ್ಚಬೇಕಿತ್ತು. ನಾನು ಮಾಡಿದ್ದು, ಇನ್ನು ಎಚ್ಚರಿಕೆಯಿಂದ ಆಡೋಣ ಅಂತ 100 ರೂಪಾಯಿಗೆ ಇಳಿದದ್ದು. ಎಚ್ಚರಿಕೆ ಅಂದರೆ ಇದು: ಸೋತರೆ ದುಪ್ಪಟ್ಟು ಇಡುವುದು. ಯಾವತ್ತಾದರೂ ಒಂದು ಸಲ ಗೆದ್ದೇ ಗೆಲ್ಲುತ್ತೇವೆ, ಆವಾಗ ಹಿಂದಿನದ್ದೆಲ್ಲಾ ವಾಪಸ್. ಇದನ್ನೂ ಆ ಗೆಳೆಯನೇ ಹೇಳಿಕೊಟ್ಟದ್ದು.

100 ಹೋಯಿತು. 200 ಹೋಯಿತು. 400, 800. ಹೆಜಮಾಡಿ ಟೋಲ್‌ಗೇಟಿನಲ್ಲಿ ಬಸ್ಸು ನಿಂತಿತು. 1,600. 3,200. ಒಟ್ಟು 6,300 ಹೋಗಿ ಖಾತೆಯಲ್ಲಿ 4,900 ಉಳಿದಿತ್ತು. ಮುಂದಿನ ಪಾಳಿಗೆ ಬೇಕಾದದ್ದು 6,400. 1,500 ಕಮ್ಮಿ. ಪಡುಬಿದ್ರಿಯಲ್ಲಿ ಸಿಗ್ನಲ್ ಸರಿ ಇರಲಿಲ್ಲ. ಫೋನನ್ನು ಕಿಟಕಿಯ ಹತ್ತಿರ ಹಿಡಿದು, ಟರ್ಪಾಲು ಸ್ವಲ್ಪ ಎತ್ತಿ, ಮಳೆನೀರು ಪರದೆ ಮೇಲೆ ಬೀಳುತ್ತಿರುವಾಗ, ಬ್ಯಾಂಕಿನ ಖಾತೆಯಿಂದ 1,500 ಕಳಿಸಿದೆ. ಹಣ ಹೋದದ್ದು ಯಾವುದೋ ಟೈಲರ್ ಅಂಗಡಿಯ ಹೆಸರಿನ ಖಾತೆಗೆ. ಹಿಂದಿನ ಸಲ ತರಕಾರಿ ವ್ಯಾಪಾರ ಅಂತ ಇತ್ತು. ಅದರ ಹಿಂದಿನ ಸಲ ಯಾರೋ ಒಬ್ಬರ ಬರೀ ಹೆಸರು. ಬೇರೆಯವರ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇಂಥದ್ದು ಕಂಡರೆ ಕೆಂಪು ಪೆನ್ನು ಹಿಡಿಯುವವನು ನಾನು.

ಎದುರಿಗೆ 9. ಕೆಳಗೆ ಅಂದೆ. 13ರಲ್ಲಿ 9 ದಾರಿ ನನ್ನದು. ಬಂದದ್ದು 10.

ಒಂದೇ ಒಂದು ಅಂಕಿ! ಮೊದಲು ಬಂದ ಯೋಚನೆ ಅದು, ನಾಚಿಕೆ ಆಗುತ್ತದೆ ಹೇಳಲಿಕ್ಕೆ. ಒಂದೇ ಅಂಕಿಯಲ್ಲಿ ತಪ್ಪಿತು ಅಂತ. ರಾಜ ಬಂದಿದ್ದರೂ ಅಷ್ಟೇ ದುಡ್ಡು ಹೋಗುತ್ತಿತ್ತು.

ತಲೆ ಎತ್ತಿದಾಗ ಹೊರಗೆ ಕತ್ತಲು, ಏನೂ ಕಾಣುವುದಿಲ್ಲ. ಕಂಡಕ್ಟರ್ ಹತ್ತಿರ ಬಂದು, 'ಎಂತ ಮಾರ್ರೆ, ಕಟಪಾಡಿ ಹೋಯ್ತಲ್ಲ, ಇಳಿಲಿಲ್ವಾ ನೀವು?' ಅಂದ. ದಿನಾ ಹೋಗುವವನಲ್ವಾ, ಅವನಿಗೆ ಗೊತ್ತು. ಮಲ್ಲಿಗೆಯ ಅಮ್ಮ ಯಾವಾಗ ಇಳಿದರೋ. ಉದ್ಯಾವರದಲ್ಲಿ ಇಳಿದು ಆಚೆ ಬದಿಗೆ ದಾಟಿ ವಾಪಸ್ ಬಸ್ಸಿಗೆ ಕಾದೆ. ಕೊಡೆ ಬಸ್ಸಿನಲ್ಲೇ ಬಾಕಿ. ಒದ್ದೆಯಾಗಿ ಮನೆಗೆ ಹೋದರೆ ಒಳಗಿನ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಲು ಹಾಕಿದ್ದಳು ನನ್ನ ಹೆಂಡತಿ. 'ಈ ಶೀಟಿನವನು ಯಾವಾಗ ಬರ್ತಾನಂತೆ?' ಅಂತ ಕೇಳಿದಳು. ಮಳೆ ಸ್ವಲ್ಪ ಕಮ್ಮಿ ಆಗಲಿ ಅಂದೆ.

ಏಳು

100, 200, 400, 800, 1,600, 3,200, 6,400. ಏಳು ಸಲ. ಕೂಡಿಸಿದರೆ 12,700.

ಆ ಸಾಲನ್ನು ನಾನು ಒಂದು ಹಾಳೆಯಲ್ಲಿ ಬರೆದು ನೋಡುತ್ತಾ ಕೂತಾಗ ಬಹಳ ಹೊತ್ತು ಏನೂ ಹೊಳೆಯಲಿಲ್ಲ. ಆಮೇಲೆ ನೆನಪಾದದ್ದು ಅಜ್ಜನ ಏಳು. ನೂರು, ಐವತ್ತು, ಇಪ್ಪತ್ತೈದು. ಅದೇ ಮೆಟ್ಟಿಲು. ಅಜ್ಜ ಅರ್ಧ ಅರ್ಧ ಮಾಡುತ್ತಾ ಇಳಿಯುತ್ತಿದ್ದರು, ನಾನು ದುಪ್ಪಟ್ಟು ಮಾಡುತ್ತಾ ಹತ್ತಿದ್ದೆ. ಎರಡನ್ನು ಏಳು ಸಲ ಗುಣಿಸಿದರೆ 128. ನೂರರ ಒಳಗಿನ ಯಾವ ಸಂಖ್ಯೆಯೂ ಏಳು ಪ್ರಶ್ನೆಗೆ ಸಿಕ್ಕಿಬೀಳುವುದು ಈ 128 ನೂರಕ್ಕಿಂತ ದೊಡ್ಡದು ಅನ್ನುವ ಕಾರಣಕ್ಕೆ. ನಾಣ್ಯದ ಲೆಕ್ಕದಲ್ಲಿ ಏಳು ಸಲ ಸಾಲಾಗಿ ಸೋಲುವುದು ಕೂಡ ಅದೇ 128ಕ್ಕೆ ಒಂದು ಸಲ. 128ಕ್ಕೆ ಒಂದು ಅಂದರೆ ಅಪರೂಪ ಅನಿಸುತ್ತದೆ, ಅಲ್ವಾ? ನಿಮಿಷಕ್ಕೆ ಎಂಟು ಸಲ ಬಟನ್ ಒತ್ತುವವನಿಗೆ ಅದು ಅಪರೂಪ ಅಲ್ಲ. ಮಂಗಳೂರಿನಿಂದ ಕಟಪಾಡಿಗೆ 80 ನಿಮಿಷ ಅಂತ ಹಿಡಿದರೆ 640 ಸಲ. ಅಷ್ಟರಲ್ಲಿ ಒಂದೆರಡು ಸಲ ಆ ಏಳರ ಸಾಲು ಬರದಿದ್ದರೇ ಆಶ್ಚರ್ಯ.

ಇನ್ನೂ ಒಂದು ಉಂಟು, ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಆ ಕೊನೆಯ 9ಕ್ಕೆ ಕೆಳಗೆ ಅಂತ ಹೇಳಿ ಗೆದ್ದಿದ್ದರೆ ಎಷ್ಟು ಸಿಗುತ್ತಿತ್ತು? 100ಕ್ಕೆ 143ರ ಲೆಕ್ಕ. 6,400ಕ್ಕೆ ಲಾಭ 2,752. ಅಷ್ಟರಲ್ಲಿ ಕಳೆದದ್ದು 6,300. ಗೆದ್ದಿದ್ದರೂ ವಾಪಸ್ ಬರುತ್ತಿರಲಿಲ್ಲ! ದುಪ್ಪಟ್ಟು ಮಾಡುವ ಉಪಾಯ ನಡೆಯುವುದು 100ಕ್ಕೆ ಸರಿಯಾಗಿ 200 ಕೊಡುವ ಕಡೆ ಮಾತ್ರ, ಅಲ್ಲಿಯೂ ನಿಮ್ಮ ಹತ್ತಿರ ಮುಗಿಯದ ದುಡ್ಡು ಇದ್ದರೆ. ಇಲ್ಲಿ 7ರ ಎಲೆಗೇ 184. ಹಾಗೆ 100, 200, 400 ಸೋತು ನಾಲ್ಕನೇದರಲ್ಲಿ 800 ಇಟ್ಟು ಗೆದ್ದರೂ 28 ರೂಪಾಯಿ ನಷ್ಟ. ಬೇಕಾದರೆ ಲೆಕ್ಕ ಹಾಕಿ ನೋಡಿ. ನಾನು ಅದನ್ನು ಆಡುವಾಗ ನೋಡಲಿಲ್ಲ. ಕಳೆದದ್ದರ ಕಡೆಗೆ ಓಡುವವನು ಲಾಭನಷ್ಟದ ಪಟ್ಟಿ ತೆಗೆಯುವುದಿಲ್ಲ.

ಹಾಗಾದರೆ ಅವರು ಮೋಸ ಮಾಡಿದರಾ? ಇದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಮೋಸ ಅಂತ ಗೊತ್ತಾದರೆ ಸ್ವಲ್ಪ ಹಗುರ ಆಗುತ್ತಿತ್ತು. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುವ ಪರಿಚಯದ ಹುಡುಗನೊಬ್ಬನಿಗೆ, ನನ್ನ ಗೆಳೆಯನ ವಿಷಯ ಅಂತ ಸುಳ್ಳು ಹೇಳಿ, ತೋರಿಸಿದೆ. ಅವನು ನಕ್ಕು ಕೂತು ನೋಡಿದ. ಆಟದ ಪುಟದಲ್ಲಿ ಮೊದಲೇ ಒಂದು 64 ಅಕ್ಷರದ ಉದ್ದ ಸಾಲು ಕೊಟ್ಟಿರುತ್ತಾರೆ. ಎಸ್‌ಎಚ್‌ಎ-256 ಅನ್ನುವ ವಿಧಾನದಲ್ಲಿ ಮಾಡಿದ್ದು. ಮೊಹರು ಹಾಕಿದ ಲಕೋಟೆ ಅಂದುಕೊಳ್ಳಿ. ಒಳಗಿನ ಗುಟ್ಟು ಆಮೇಲೆ ಬಿಚ್ಚಿ ತೋರಿಸುತ್ತಾರೆ. ಒಂದಕ್ಷರ ಬದಲಿಸಿದ್ದರೂ ಮೊಹರು ತಾಳೆ ಆಗುವುದಿಲ್ಲ. ಆ ಗುಟ್ಟು, ನಮ್ಮ ಕಡೆಯ ಒಂದು ಸಾಲು, ಆಟದ ಕ್ರಮಸಂಖ್ಯೆ, ಮೂರನ್ನೂ ಸೇರಿಸಿ ಎಲೆ ಹುಟ್ಟುತ್ತದೆ. ಹುಡುಗ ನನ್ನ ಆ ರಾತ್ರಿಯ ಏಳೂ ಎಲೆಗಳನ್ನು ಪುನಃ ಹುಟ್ಟಿಸಿ ತೋರಿಸಿದ. ಎಲ್ಲವೂ ಸರಿ ಇತ್ತು. 9, ಆಮೇಲೆ 10.

'ಅಂಕಲ್, ಎಲೆಯಲ್ಲಿ ಕಳ್ಳತನ ಮಾಡುವ ಅಗತ್ಯ ಅವರಿಗೆ ಎಂತಕ್ಕೆ?' ಅಂದ.

ನಿಜ. 7ರ ಎಲೆಗೆ ನ್ಯಾಯವಾಗಿ ಸಿಗಬೇಕಾದದ್ದು 185 ರೂಪಾಯಿ 71 ಪೈಸೆ. ಕೊಡುವುದು 184. 100 ರೂಪಾಯಿಯ ಪ್ರತಿ ಆಟಕ್ಕೆ ಸರಾಸರಿ ಒಂದು ರೂಪಾಯಿ ಅವರ ಪೆಟ್ಟಿಗೆಗೆ. ಒಂದು ಪರ್ಸೆಂಟ್! ದಲಾಲಿ ಇದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಆ ಒಂದು ಪರ್ಸೆಂಟ್ ನೀವು ಹಾಕಿದ ದುಡ್ಡಿನ ಮೇಲೆ ಅಲ್ಲ, ತಿರುಗಿಸಿದ ದುಡ್ಡಿನ ಮೇಲೆ. 100 ರೂಪಾಯಿಯ ಹಾಗೆ 640 ಸಲ ಒತ್ತಿದರೆ 64,000 ತಿರುಗಿತು. ನಿಮ್ಮ ಹತ್ತಿರ ಇದ್ದದ್ದು 2,000 ಆದರೂ ಕಟ್ಟುವುದು 64,000ದ ಮೇಲಿನ ಪರ್ಸೆಂಟ್. ವಹಿವಾಟಿನ ಮೇಲಿನ ತೆರಿಗೆ ಅಂದರೆ ಏನು ಅಂತ ನಾನು ಎಷ್ಟು ಜನ ಅಂಗಡಿಯವರಿಗೆ ಪಾಠ ಮಾಡಿದ್ದೇನೆ.

ಕೋಳಿ ಅಂಕದ ದುಡ್ಡು

ಜುಗಾರಿ ನಮ್ಮ ಊರಿಗೆ ಹೊಸತೇನಲ್ಲ. ಪೇಪರಿನ ಮೂಲೆಯಲ್ಲಿ ಆಗಾಗ ಬರುತ್ತದೆ, ಹಾಡಿಯಲ್ಲಿ ಉಲಾಯಿ-ಪಿದಾಯಿ (ಒಳಗೆ-ಹೊರಗೆ ಅನ್ನುವ ಇಸ್ಪೀಟು ಜುಗಾರಿ) ಆಡುತ್ತಿದ್ದವರ ಬಂಧನ, ಇಷ್ಟು ನಗದು, ಇಷ್ಟು ಎಲೆ, ಒಂದು ಹಳೆಯ ಪೇಪರ್ ವಶ. ಕೋಳಿ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ ದಾಳಿ, ಇಷ್ಟು ಕೋಳಿ, ಕೋಳಿಯ ಕಾಲಿಗೆ ಕಟ್ಟುವ ಇಷ್ಟು ಬಾಳು (ಸಣ್ಣ ಕತ್ತಿ). ನನ್ನ ಮಾವ ಒಬ್ಬರಿಗೆ ಕೋಳಿ ಅಂಕದ ಹುಚ್ಚಿತ್ತು. ಸೋತರೆ ಕೋಳಿಯೂ ಎದುರಾಳಿಗೆ. ಆದರೆ ಸೋತ ದಿನ ಅವರು ಮನೆಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಅತ್ತೆ ಅಂಗಳದಲ್ಲೇ ನಿಂತಿರುತ್ತಿದ್ದರು. ಯಾರ ಕಿಸೆಗೆ ತನ್ನ ದುಡ್ಡು ಹೋಯಿತು ಅಂತ ಮಾವನಿಗೆ ಗೊತ್ತಿತ್ತು, ಮರುದಿನ ಅವನ ಅಂಗಡಿಯಲ್ಲೇ ಚಾ ಕುಡಿಯುತ್ತಿದ್ದರು. ಕತ್ತಲಾದರೆ ಆಟ ಮುಗಿಯಿತು, ಕೋಳಿಗೆ ಕಣ್ಣು ಕಾಣಬೇಕಲ್ಲ.

ಅದು ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಅತ್ತೆಯ ಕರಿಮಣಿ ಎಷ್ಟು ಸಲ ಅಡವು ಅಂಗಡಿಗೆ ಹೋಗಿ ಬಂದಿದೆ ಅಂತ ಅವರೇ ಹೇಳಬೇಕು. ಆದರೆ ಮಾವ ಸೋಲಲಿಕ್ಕೆ ಎದ್ದು ನಡೆದು ಹೋಗಬೇಕಿತ್ತು, ಬಿಸಿಲಲ್ಲಿ ನಿಲ್ಲಬೇಕಿತ್ತು, ಮುಂದಿನ ಜೋಡಿ ಕಟ್ಟುವವರೆಗೆ ಕಾಯಬೇಕಿತ್ತು. ನನಗೆ ಏಳು ಸಲ ಸೋಲಲಿಕ್ಕೆ ಮೂಲ್ಕಿಯಿಂದ ಪಡುಬಿದ್ರಿ ಸಾಕಾಯಿತು, ಅದೂ ನಡುವೆ ಟೋಲ್‌ಗೇಟ್ ಇದ್ದ ಕಾರಣ ಅಷ್ಟು ಹೊತ್ತು. ಪಕ್ಕದ ಸೀಟಿನವರಿಗೆ ಸಹ ಗೊತ್ತಾಗಲಿಲ್ಲ.

ನಾನು ನಿಲ್ಲಿಸಿದ್ದು ಬುದ್ಧಿ ಬಂದು ಅಲ್ಲ, ಹೇಳಿಬಿಟ್ಟದ್ದರಿಂದ. ಅಷ್ಟಮಿ ಕಳೆದ ಮೇಲೆ ಒಂದು ದಿನ ಶೀಟಿನವನು ತಾನೇ ಅಳತೆಗೆ ಬಂದ. ನಾನು ಆಫೀಸಿನಲ್ಲಿದ್ದೆ. ಹೆಂಡತಿ ಫೋನ್ ಮಾಡಿ ಅಡ್ವಾನ್ಸ್ ಎಷ್ಟು ಕೊಡಲಿ ಅಂತ ಕೇಳಿದಳು. ಸಂಜೆ ಬಂದು ಹೇಳುತ್ತೇನೆ ಅಂದೆ. ಸಂಜೆ ಹೇಳಿದೆ. ಅವಳು ಬೈಯಲಿಲ್ಲ. ಮೊತ್ತ ಕೇಳಿದಳು, ಇನ್ನೊಮ್ಮೆ ಕೇಳಿದಳು, ಒಳಗೆ ಹೋಗಿ ಹಗ್ಗದಲ್ಲಿದ್ದ ಬಟ್ಟೆ ಒಂದೊಂದೇ ತೆಗೆದು ಮಡಚಿದಳು. ಒದ್ದೆ ಬಟ್ಟೆ. ಮರುದಿನದಿಂದ ಬ್ಯಾಂಕಿನ ಮೆಸೇಜು ಬರುವುದು ಅವಳ ಫೋನಿಗೆ.

2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ಮಾಡಿತು. ಚಾಕಚಕ್ಯತೆಯ ಆಟವೋ ಅದೃಷ್ಟದ್ದೋ ಅನ್ನುವ ಹಳೆಯ ವಾದಕ್ಕೆ ಅದರಲ್ಲಿ ಜಾಗ ಇಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಇದಕ್ಕೂ ಮೊದಲು, 2021ರಲ್ಲಿ, ನಮ್ಮ ರಾಜ್ಯವೇ ಒಂದು ತಿದ್ದುಪಡಿ ತಂದು ನೋಡಿತ್ತು. ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಹೊಸ ಕಾನೂನು ಬಂದ ದಿನ ಗೆಳೆಯನಿಗೆ ಮೆಸೇಜು ಮಾಡಿದೆ. ಅವನು ಕಳಿಸಿದ್ದು ಇನ್ನೊಂದು ಲಿಂಕ್. ಹೆಸರು ಅದೇ, ಕೊನೆಯಲ್ಲಿ ಒಂದು ಅಂಕಿ ಬದಲಾಗಿತ್ತು, ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಕ್ಯುರಸಾವ್ ದ್ವೀಪದ ಲೈಸೆನ್ಸ್ ಅಂತ ಅದೇ ಸಾಲು. ಅಳಿಸಿದೆ. ಅಳಿಸುವ ಮೊದಲು ಆ ಅಂಕಿ ನೋಡಿ, ಮುಂದಿನದು ಮೇಲೋ ಕೆಳಗೋ ಅಂತ ಹೆಬ್ಬೆರಳು ಕೇಳಿತು.

ಶೀಟು ಈ ವರ್ಷವೂ ಆಗಲಿಲ್ಲ. ಮೊನ್ನೆ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು, ರಾತ್ರಿ ಹತ್ತಾದರೂ ಬರಲಿಲ್ಲ. ಇನ್ವರ್ಟರ್ ಕೂಡ ಕೈಕೊಟ್ಟಿತು. ಮಗಳಿಗೆ ಒಂಬತ್ತು ವರ್ಷ, ಟಿವಿ ಇಲ್ಲ ಅಂತ ಕಿರಿಕಿರಿ. ಒಳಗಿನ ಕೋಣೆಯಲ್ಲಿ ಒದ್ದೆ ಬಟ್ಟೆಗಳ ಅಡಿಯಲ್ಲಿ ಮೋಂಬತ್ತಿ ಹಚ್ಚಿ ಕೂತಿದ್ದೆವು. ಹೆಂಡತಿ ನನ್ನ ಮುಖ ಒಂದು ಸಲ ನೋಡಿ, 'ಅವಳಿಗೆ ನಿಮ್ಮ ಅಜ್ಜನ ಆಟ ಹೇಳಿಕೊಡಿ' ಅಂದಳು. ಪಣ ಇಲ್ಲ ಅಂತ ಕೂಡಲೇ ಸೇರಿಸಿದಳು.

ಮಗಳು ಕಣ್ಣು ಮುಚ್ಚಿ ಸಂಖ್ಯೆ ಇಟ್ಟುಕೊಂಡಳು. ನಾನು ಗೋಡೆಗೆ ಒರಗಿ ಶುರು ಮಾಡಿದೆ. ಐವತ್ತು. ಮೇಲೆ. ಎಪ್ಪತ್ತೈದು. ಕೆಳಗೆ. ಅರವತ್ತೆರಡು. ಮೇಲೆ. ಅರವತ್ತೆಂಟು. ಕೆಳಗೆ. ಅರವತ್ತೈದು. ಕೆಳಗೆ.

'ಅರವತ್ಮೂರು.'

'ಕೆಳಗೆ.'

'ಕೆಳಗೆ ಆಗಲಿಕ್ಕಿಲ್ಲ. ಅರವತ್ತೆರಡಕ್ಕಿಂತ ಮೇಲೆ ಅಂದಿದ್ದೀ. ನಡುವೆ ಯಾವುದೂ ಇಲ್ಲ. ಸಂಖ್ಯೆ ಬದಲಾಯಿಸಿದ್ದೀಯಾ?'

'ಇಲ್ಲಪ್ಪ. ಬದಲಾಯಿಸಲೇ ಇಲ್ಲ.' ಅವಳಿಗೆ ನಗು ತಡೆಯಲಿಕ್ಕೆ ಆಗುತ್ತಿರಲಿಲ್ಲ. 'ಅರವತ್ತೆರಡೂವರೆ.'